ವಾರ್ಡಿನ ತೀರ್ಮಾನಶಕ್ತಿಯನ್ನು ಅಸೈನ್‌ಮೆಂಟ್‌ನಿಂದ ಕಲಿಸಬಹುದೇ?

ಪರ

ರಾಯಚೂರು ಸೀಮೆಯ ಹತ್ತಿ, ಭತ್ತದ ಹೊಲಗಳಿಂದ ಆಸ್ಪತ್ರೆಗೆ ಬರುವಂಥ ಕೀಟನಾಶಕ ವಿಷದ ಪ್ರಕರಣವೊಂದನ್ನು ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಎರಡು ಹಾಳೆಗಳಲ್ಲಿ ಕೊಡುತ್ತೇನೆ. ಮೊದಲನೆಯದರಲ್ಲಿ ರೋಗಿಯ ಬಾಯಿಂದ ಜೊಲ್ಲು ಸುರಿಯುತ್ತಿದೆ, ಕಣ್ಣಪಾಪೆ ಸೂಜಿಮೊನೆಯಷ್ಟಾಗಿದೆ, ಎದೆಯಲ್ಲಿ ಗೊರಗೊರ ಸದ್ದಿದೆ, ಈ ವಿಷಕ್ಕೆ ಕೊಡುವ ಮದ್ದಾದ ಅಟ್ರೋಪಿನ್ ಆರಂಭವಾಗಿದೆ. ಅದಕ್ಕೆ ಉತ್ತರ ಬರೆದ ಮೇಲಷ್ಟೇ ಸಿಗುವ ಎರಡನೆಯ ಹಾಳೆಯಲ್ಲಿ ಅದೇ ರೋಗಿಯ ಬಾಯಿ ಒಣಗಿದೆ, ಮೈ ಸುಡುತ್ತಿದೆ, ನಾಡಿ 140ಕ್ಕೆ ಏರಿದೆ, ಆತ ಬಡಬಡಿಸುತ್ತ ಚಾದರ ಕಿತ್ತೆಸೆಯುತ್ತಿದ್ದಾನೆ. ಹೆಚ್ಚಿನವರು ಮೊದಲ ಸಲ ‘ಜ್ವರವಿದೆ, ಒದ್ದೆ ಬಟ್ಟೆಯಿಂದ ಮೈ ಒರೆಸಬೇಕು’ ಎಂದು ಬರೆದು ಮುಗಿಸುತ್ತಾರೆ. ಇವೆಲ್ಲ ಅಟ್ರೋಪಿನ್ ಮಿತಿಮೀರಿದ್ದರ ಲಕ್ಷಣಗಳಿರಬಹುದು, ಕರುಳಿನ ಸದ್ದನ್ನು ಆಲಿಸಿ ಕೂಡಲೇ ವೈದ್ಯರಿಗೆ ತಿಳಿಸಬೇಕು ಎಂಬುದು ಚರ್ಚೆಗೆ ಕುಳಿತಾಗ ಹೊಳೆಯುತ್ತದೆ. ವಾರ್ಡಿನಲ್ಲಾದರೆ ಇಂಥ ತಪ್ಪು ಆಗುವವರೆಗೆ ಕಾಯಲು ಯಾವ ಶಿಕ್ಷಕಿಯೂ ಒಪ್ಪಲಾರಳು. ಆದ್ದರಿಂದ ತಪ್ಪು ಮಾಡಿ ಕಲಿಯುವ ಅವಕಾಶ ಇರುವುದು ಅಸೈನ್‌ಮೆಂಟ್‌ನಲ್ಲಿಯೇ.

ಗಮನಿಸುವುದು, ಅರ್ಥೈಸುವುದು, ಸ್ಪಂದಿಸುವುದು, ಮಾಡಿದ್ದನ್ನು ಮರಳಿ ನೋಡುವುದು ಎಂದು ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ, ರೋಗಿಯನ್ನು ನೋಡಿ ಏನು ಮಾಡಬೇಕೆಂದು ನಿರ್ಧರಿಸುವ ಈ ತೀರ್ಮಾನಶಕ್ತಿಯನ್ನು ವಿವರಿಸಿದರು. ಡ್ಯೂಟಿಯ ಗಡಿಬಿಡಿಯಲ್ಲಿ ಕೊನೆಯದಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ. ಬರೆಯಲು ಕುಳಿತಾಗ ಅದು ತಾನಾಗಿ ನಡೆಯುತ್ತದೆ.

ವಿರೋಧ

ಮೇಲಿನ ಹಾಳೆಯಲ್ಲಿ ‘ಬಾಯಿ ಒಣಗಿದೆ’ ಎಂದು ಯಾರೋ ಆಗಲೇ ಬರೆದುಕೊಟ್ಟಿದ್ದಾರೆ. ವಾರ್ಡಿನ ಹೊಣೆ ಹೊತ್ತವಳಾಗಿ ಹೇಳುವುದಾದರೆ ಕಷ್ಟವಿರುವುದು ಅದನ್ನು ಕಂಡುಕೊಳ್ಳುವುದರಲ್ಲಿ, ಮತ್ತು ಅಸೈನ್‌ಮೆಂಟ್ ಆ ಕೆಲಸವನ್ನು ವಿದ್ಯಾರ್ಥಿಯ ಪರವಾಗಿ ತಾನೇ ಮಾಡಿಬಿಡುತ್ತದೆ. ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು ಎದೆನೋವು ಎನ್ನುವುದಿಲ್ಲ. ‘ಯಾಕೋ ಜೀವಕ್ಕ ಸಂಕಟ ಆಗಕತ್ತೈತಿ ಯವ್ವಾ’ ಎನ್ನುತ್ತಾರೆ. ಅವರ ತಣ್ಣಗೆ ಬೆವರಿದ ಹಣೆಯನ್ನು ಮುಟ್ಟಿದವಳಿಗೆ ಇದು ಹೃದಯಾಘಾತವಿರಬಹುದೆಂಬ ಅನುಮಾನ ಬಂದೀತು. ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಬರೆಯುವ ಕೇರ್ ಪ್ಲಾನಿಗೆ, ಅಂದರೆ ರೋಗಿಯ ಆರೈಕೆಯ ಯೋಜನೆಗೆ, ಇಳಿಯುವಾಗ ಅದೇ ಮಾತು ‘ಆಂಗ್ಸೈಟಿ’ (ಆತಂಕ) ಎಂಬ ಒಂದು ಪದವಾಗಿ ಮುಗಿದುಹೋಗುತ್ತದೆ.

ಹಾಸ್ಟೆಲ್‌ನಲ್ಲಿ ರಾತ್ರಿಯಿಡೀ ಸೀನಿಯರ್‌ಗಳ ರೆಕಾರ್ಡ್ ನೋಡಿ ನಕಲಿಳಿಸುವುದನ್ನು ಎಲ್ಲರೂ ಬಲ್ಲರು. ನನ್ನನ್ನು ಹೆಚ್ಚು ನೋಯಿಸುವುದು ಬೇರೆಯೇ ಇದೆ: ಸಾಲಾಗಿ ಆರು ಮಂಚಗಳ ಚಾರ್ಟ್‌ಗಳಲ್ಲಿಯೂ ಉಸಿರಾಟ 20 ಎಂದೇ ಬರೆದಿರುವುದನ್ನು ನಾನು ಕಂಡಿದ್ದೇನೆ. ಉಸಿರಾಟದ ವೇಗ ಏರುವುದು ರೋಗಿ ಹದಗೆಡುತ್ತಿರುವುದರ ಮೊದಮೊದಲ ಸೂಚನೆಗಳಲ್ಲೊಂದು. ಅದನ್ನು ಪೂರ್ತಿ ಒಂದು ನಿಮಿಷ ಎಣಿಸದವಳು ಎಷ್ಟು ಪುಟ ಬರೆದರೂ ರೋಗಿಗೆ ಅದರಿಂದ ಪ್ರಯೋಜನವಿಲ್ಲ.

ಒಬ್ಬ ಶಿಕ್ಷಕಿಯ ಹಿಂದೆ ಹತ್ತಾರು ವಿದ್ಯಾರ್ಥಿಗಳಿರುವಾಗ ಬರವಣಿಗೆಯ ಮೊರೆ ಹೋಗುವುದು ಅರ್ಥವಾಗುವಂಥದ್ದೇ. ಆದರೂ ಪುಟಗಳನ್ನು ಅರ್ಧಕ್ಕೆ ಇಳಿಸಿ, ಪಾಳಿ ಮುಗಿಯುವ ಮುನ್ನ ಶಿಕ್ಷಕಿ, ವಿದ್ಯಾರ್ಥಿ ಇಬ್ಬರೂ ಒಂದೇ ಮಂಚದ ಬಳಿ ನಿಂತು, ಬೆಳಿಗ್ಗೆಯಿಂದ ಈ ಹೊತ್ತಿಗೆ ಈ ರೋಗಿಯಲ್ಲಿ ಏನು ಬದಲಾಗಿದೆ ಎಂದು ಕೇಳಿಕೊಳ್ಳಲು ಹತ್ತು ನಿಮಿಷ ಮೀಸಲಿಡಬೇಕೆಂಬುದು ನನ್ನ ಬೇಡಿಕೆ.