ಅವರು "ಮೇಲೆ ಬರಲಿಲ್ಲ" ಅನ್ನಬೇಡಿ

ಮಧ್ಯಾಹ್ನದಿಂದ ತಲೆ ಬಿಸಿಯಾಗಿದೆ. ಬರೆಯದೆ ನಿದ್ದೆ ಬರೋದಿಲ್ಲ.

ಇವತ್ತು ಸ್ಟುಡಿಯೋಗೆ ಇಬ್ಬರು ಹುಡುಗರು ಬಂದಿದ್ದರು. ಒಬ್ಬ ಕನ್ನಡದಲ್ಲಿ ರ್‍ಯಾಪ್ ಬರೆಯುತ್ತಾನೆ, ಚೆನ್ನಾಗಿಯೇ ಬರೆಯುತ್ತಾನೆ. ಇನ್ನೊಬ್ಬ ಅವನ ಯೂಟ್ಯೂಬ್ ಚಾನೆಲ್ ನೋಡಿಕೊಳ್ಳುವವನು. ಮೈಕ್ ಹೊಂದಿಸುವಾಗ ನಾನು ಪೀಪಲ್ ಅಂಡರ್ ದ ಸ್ಟೇರ್ಸ್ ಅನ್ನೋ ಅಮೆರಿಕದ ಹಿಪ್‌ಹಾಪ್ ಜೋಡಿಯ ಹಾಡು ಹಾಕಿದ್ದೆ. ನನ್ನನ್ನು ಬಲ್ಲವರಿಗೆ ಇದು ಹೊಸದಲ್ಲ, ಈ ಗುಂಪಿನ ಬಗ್ಗೆ ಇಲ್ಲಿ ಎಷ್ಟು ಸಲ ಬರೆದಿದ್ದೇನೋ. ರ್‍ಯಾಪ್ ಬರೆಯೋ ಹುಡುಗ ಕಣ್ಣು ಮುಚ್ಚಿ ತಲೆ ಆಡಿಸುತ್ತಾ ಕೂತಿದ್ದ. ಇನ್ನೊಬ್ಬ ಫೋನ್ ತೆಗೆದು ಹುಡುಕಿದ. "ಅಣ್ಣಾ, ಇವರದ್ದು ಒಂದೇ ಹಾಡು ಓಡಿರೋದು. ಮೇಲೆ ಬರ್ಲೇ ಇಲ್ಲ, ಪಾಪ" ಅಂದ.

ಮೇಲೆ ಬರಲಿಲ್ಲವಂತೆ. ಯಾವ ಮೇಲೆ?

ಲಾಸ್ ಏಂಜಲೀಸ್‌ನ ಇಬ್ಬರು ಗೆಳೆಯರು, ಥೆಸ್ ವನ್ ಮತ್ತು ಡಬಲ್ ಕೆ. ಜೊತೆಯಾದದ್ದು 1997ರಲ್ಲಿ. ಹಳೆಯ ರೆಕಾರ್ಡುಗಳ ಹುಚ್ಚು ಇಬ್ಬರಿಗೂ. ಧೂಳು ಹಿಡಿದ ಜಾಝ್, ಸೋಲ್, ಫಂಕ್ ರೆಕಾರ್ಡುಗಳನ್ನು ಹುಡುಕಿ ತರಬೇಕು, ಅದರಲ್ಲಿ ಒಂದು ತುಣುಕು ಹಿಡಿಯಬೇಕು, ತುಣುಕು ಕತ್ತರಿಸಿ ಮತ್ತೆ ಮತ್ತೆ ನುಡಿಸುವ ಯಂತ್ರಕ್ಕೆ, ಅಂದರೆ ಸ್ಯಾಂಪ್ಲರ್‌ಗೆ ಹಾಕಿ ಬೀಟ್ ಕಟ್ಟಬೇಕು, ಅದರ ಮೇಲೆ ರ್‍ಯಾಪ್ ಮಾಡಬೇಕು. ಬೀಟ್ ಅವರದ್ದೇ, ಮಾತು ಅವರದ್ದೇ, ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್ ಮೇಲಿನ ಕೈಯೂ ಅವರದ್ದೇ. ಮೊದಲ ಆಲ್ಬಂ 'ದ ನೆಕ್ಸ್ಟ್ ಸ್ಟೆಪ್' 1998ರಲ್ಲಿ ಬಂತು. ಕೊನೆಯದು 'ಸಿನ್ಸಿಯರ್ಲಿ, ದ ಪಿ' 2019ರಲ್ಲಿ. ಲೆಕ್ಕ ನೀವೇ ಹಾಕಿ. ಇಷ್ಟು ವರ್ಷ ಒಂದೇ ಜೋಡಿ ಒಂದೇ ಪ್ರೀತಿಯಿಂದ ಕೆಲಸ ಮಾಡಿದ್ದನ್ನು "ಮೇಲೆ ಬರಲಿಲ್ಲ" ಅನ್ನೋದಕ್ಕೆ ಬಾಯಿ ಹೇಗೆ ಬರುತ್ತದೆ?

ಅವನು ಹೇಳಿದ ಆ ಒಂದು ಹಾಡು 'ಆಸಿಡ್ ರೇನ್‌ಡ್ರಾಪ್ಸ್'. 2002ರ 'ಓ.ಎಸ್.ಟಿ.' ಆಲ್ಬಂನದ್ದು. ಒಳ್ಳೆ ಹಾಡು, ನನಗೂ ಇಷ್ಟ. ಆದರೆ ಅದೇ ಆಲ್ಬಂನಲ್ಲಿ 'ದ ಎಲ್.ಎ. ಸಾಂಗ್' ಕೂಡ ಇದೆ. ಮೊದಲ ಆಲ್ಬಂನಲ್ಲಿ 'ಸ್ಯಾನ್ ಫ್ರಾನ್ಸಿಸ್ಕೋ ನೈಟ್ಸ್' ಇದೆ. ಫೋನ್ ತೋರಿಸಿದ ಮೊದಲ ಸಾಲಿಗೇ ನಿಂತವನಿಗೆ ಇವೆಲ್ಲ ಸಿಗೋದಾದರೂ ಹೇಗೆ?

ಈ ತರಹದ ಸಂಗೀತ ಮಾಡೋದು ಸುಲಭವಾಗಿತ್ತು ಅಂದುಕೊಳ್ಳಬೇಡಿ. 1991ರಲ್ಲಿ ಅಮೆರಿಕದ ಕೋರ್ಟು ರ್‍ಯಾಪರ್ ಬಿಜ್ ಮಾರ್ಕಿಯ ವಿರುದ್ಧ ತೀರ್ಪು ಕೊಟ್ಟ ಮೇಲೆ, ಇನ್ನೊಬ್ಬರ ರೆಕಾರ್ಡಿನ ತುಣುಕು ಬಳಸಬೇಕಾದರೆ ಮೊದಲೇ ಅನುಮತಿ ಪಡೆದು ದುಡ್ಡು ಕಟ್ಟಬೇಕಾಯಿತು. ತುಣುಕು ಜಾಸ್ತಿ ಇದ್ದಷ್ಟೂ ಖರ್ಚು ಜಾಸ್ತಿ. ಅಂಥ ಕಾಲದಲ್ಲೂ ಇವರು ಆ ದಾರಿ ಬಿಡಲಿಲ್ಲ. ಶುರುವಿನ ಆಲ್ಬಂಗಳನ್ನು ತಂದದ್ದು ಸ್ಯಾನ್ ಫ್ರಾನ್ಸಿಸ್ಕೋದ ಓಂ ರೆಕಾರ್ಡ್ಸ್. ಅದು ಮುಖ್ಯವಾಗಿ ಹೌಸ್ ಅನ್ನೋ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತಕ್ಕೆ ಹೆಸರಾದ ಸಣ್ಣ ಕಂಪನಿ. 2011ರ 'ಹೈಲೈಟರ್' ಹೊತ್ತಿಗೆ ಥೆಸ್ ವನ್‌ನ ಸ್ವಂತ ರೆಕಾರ್ಡ್ ಕಂಪನಿಯೇ ಇತ್ತು, ಪೀಸ್‌ಲಾಕ್ 70. ಹೀಗೆ ಮಾಡು, ಹಾಗೆ ಮಾಡು ಅಂತ ಹೇಳಲು ಮೇಲೆ ಯಾರೂ ಇರಲಿಲ್ಲ.

ಲಾಸ್ ಏಂಜಲೀಸ್‌ನದ್ದೇ ಇನ್ನೊಂದು ಹಿಪ್‌ಹಾಪ್ ಗುಂಪು ಜುರಾಸಿಕ್ 5 ದೊಡ್ಡ ಕಂಪನಿಯ ಜೊತೆ ಹೋಯಿತು, ಇಂಟರ್‌ಸ್ಕೋಪ್ ಜೊತೆ. ಅವರ ಹಾಡುಗಳೂ ನನಗೆ ಪ್ರಾಣ. ಅವರನ್ನು ಕಡಿಮೆ ಮಾಡುತ್ತಿಲ್ಲ. ಆದರೆ 2007ರಲ್ಲಿ ಆ ಗುಂಪು ಒಡೆಯಿತು, ಮತ್ತೆ ಒಟ್ಟಾಗಲು ವರ್ಷಗಳೇ ಬೇಕಾದವು. ಇವರಿಬ್ಬರು ಆಗಲೂ ಆಲ್ಬಂ ಮಾಡುತ್ತಿದ್ದರು. 2006ರಲ್ಲಿ 'ಸ್ಟೆಪ್‌ಫಾದರ್', 2008ರಲ್ಲಿ 'ಫನ್ ಡಿಎಂಸಿ', 2009ರಲ್ಲಿ 'ಕ್ಯಾರೀಡ್ ಅವೇ'.

"ಹೊಟ್ಟೆ ತುಂಬಬೇಕಲ್ಲ ಅಣ್ಣಾ" ಅಂದ ಚಾನೆಲ್ ಹುಡುಗ. ನಿಜ. ಇಎಂಐ ಕಟ್ಟುವವನಿಗೆ ಅದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೆ ಇವರೇನು ಯಾರೂ ಕೇಳದೆ ಮೂಲೆಯಲ್ಲಿ ಕೂತಿದ್ದರಾ? ಯೂರೋಪ್, ಆಸ್ಟ್ರೇಲಿಯಾ ಸುತ್ತಿ ಶೋ ಕೊಟ್ಟವರು. ದುಡ್ಡು ಬೇಕು ಅನ್ನೋದು ಒಂದು ಮಾತು. ದೊಡ್ಡ ದುಡ್ಡು ಬಾರದಿದ್ದರೆ ಆ ಕೆಲಸವೇ ಸೋತಂತೆ ಅನ್ನೋದು ಬೇರೆ ಮಾತು. ಎರಡನ್ನೂ ಸೇರಿಸಿಬಿಟ್ಟರೆ ನನಗೆ ಮೈ ಉರಿಯುತ್ತದೆ.

ಇನ್ನೊಂದು ಮಾತೂ ಬಂತು. "ಮೊದಲಿಂದ ಕೊನೆವರೆಗೂ ಒಂದೇ ಥರ ಇದೆ, ಬೆಳೆದೇ ಇಲ್ಲ." ಧಾರವಾಡದಲ್ಲಿ ಹಿರಿಯ ಗಾಯಕರೊಬ್ಬರು ಜೀವಮಾನವಿಡೀ ಯಮನ್ ರಾಗ ಹಾಡಿದರೆ ನಾವು ಕೈ ಮುಗಿಯುತ್ತೇವೆ. ಸಾಧನೆ ಅನ್ನುತ್ತೇವೆ. ರ್‍ಯಾಪ್ ಮಾಡುವವನು ತನ್ನ ಪರಂಪರೆಯನ್ನು ಹಿಡಿದು ಕೂತರೆ ಮಾತ್ರ ಬೆಳೆದಿಲ್ಲವಾ? ಹಿಪ್‌ಹಾಪ್‌ಗೂ ಮನೆತನ ಇದೆ. 1973ರಲ್ಲಿ ಬ್ರಾಂಕ್ಸ್‌ನ ಪಾರ್ಟಿಯಲ್ಲಿ ಡಿಜೆ ಕೂಲ್ ಹರ್ಕ್ ಎರಡು ಟರ್ನ್‌ಟೇಬಲ್ ಇಟ್ಟುಕೊಂಡು ಶುರು ಮಾಡಿದ ಕೈಕೆಲಸ ಅದು. ಇವರು ಅದನ್ನು ಮುಂದುವರಿಸಿದವರು. ಕಿವಿಗೊಟ್ಟು ಕೇಳಿದರೆ ಒಂದು ಆಲ್ಬಂ ಇನ್ನೊಂದರಂತೆ ಇಲ್ಲ.

2021ರ ಜನವರಿ 30ರಂದು ಡಬಲ್ ಕೆ ತೀರಿಕೊಂಡ. ಬರೀ 43 ವರ್ಷ. ಸುದ್ದಿ ಓದಿ ನಾನು ಅತ್ತಿದ್ದೆ. ನೆಂಟರು ಯಾರೋ ಹೋಗಿದ್ದಾರೆ ಅಂದುಕೊಂಡು ಅಮ್ಮ ಗಾಬರಿಯಾಗಿದ್ದರು. ಎಂದೂ ನೋಡದ, ಎಂದೂ ಮಾತಾಡದ ಮನುಷ್ಯ. ಕೆಲಸ ಕೈಬಿಡಬೇಕು ಅನ್ನಿಸಿದ್ದ ಕೆಟ್ಟ ದಿನಗಳಲ್ಲಿ ರಾತ್ರಿ ಹೆಡ್‌ಫೋನ್‌ನಲ್ಲಿ ನನ್ನ ಜೊತೆ ಇದ್ದದ್ದು ಅವನ ದನಿ. ಅವನನ್ನು ಇವತ್ತು ಒಬ್ಬ ಹುಡುಗ "ಪಾಪ" ಅಂದುಬಿಟ್ಟ. ಅದಕ್ಕೇ ಇಷ್ಟು ಕೋಪ.

ರ್‍ಯಾಪ್ ಬರೆಯೋ ತಮ್ಮಾ, ನೀನು ಇದನ್ನು ಓದುತ್ತೀಯ ಅಂತ ಗೊತ್ತು. 'ಓ.ಎಸ್.ಟಿ.' ಮೊದಲು ಕೇಳು, ಪೂರ್ತಿ, ಹಾಡು ಹಾರಿಸದೆ. ಆಮೇಲೆ 'ಸ್ಟೆಪ್‌ಫಾದರ್'. ರೆಕಾರ್ಡಿಂಗ್ ದಿನ ಬೇಗ ಬಾ, ಸ್ಯಾಂಪ್ಲರ್‌ನಲ್ಲಿ ತುಣುಕು ಕತ್ತರಿಸೋದು ಹೇಗೆ ಅಂತ ತೋರಿಸ್ತೀನಿ.