ಡಿಗ್ರಿಗೆ ಮಾನವಶಾಸ್ತ್ರ ತಗೋಬಹುದಾ?

ಪಿಯುಸಿ ಮುಗಿಸಿದ ಮಕ್ಕಳು ಆಗಾಗ ಈ ಪ್ರಶ್ನೆ ಕೇಳ್ತಾರೆ. ತಗೊಳ್ಳಿ ಅಂತಲೇ ಹೇಳ್ತೀನಿ. (ಮನಃಶಾಸ್ತ್ರ ಅಲ್ಲ, ಮಾನವಶಾಸ್ತ್ರ, ಅಂದರೆ ಆಂತ್ರೊಪಾಲಜಿ: ಮನುಷ್ಯರ ಮೈಕಟ್ಟು, ನೆಂಟಸ್ತಿಕೆ, ಬದುಕುವ ರೀತಿಗಳನ್ನು ಓದುವ ಶಾಸ್ತ್ರ. ನಾನು ಓದುವಾಗ ನೆಂಟರೆಲ್ಲ ತಮ್ಮ ಕನಸಿನ ಅರ್ಥ ಕೇಳುತ್ತಿದ್ದರು!)

ಆದರೆ ಐಎಎಸ್‌ಗೆ ಅನುಕೂಲ ಅನ್ನುವ ಒಂದೇ ಕಾರಣಕ್ಕೆ ಬೇಡ. ಯುಪಿಎಸ್‌ಸಿ ಪರೀಕ್ಷೆಯಲ್ಲಿ ಐಚ್ಛಿಕವಾಗಿ ಈ ವಿಷಯ ತಗೊಳ್ಳೋಕೆ ಡಿಗ್ರಿಯಲ್ಲಿ ಓದಿರಲೇಬೇಕು ಅಂತಿಲ್ಲ. ಎಂಜಿನಿಯರಿಂಗ್ ಮಾಡಿದವರೂ ಕೋಚಿಂಗ್ ಸೇರಿ ಓದಿಕೊಳ್ಳುತ್ತಾರೆ. ಕಾಲೇಜಿನಲ್ಲಿ ವರ್ಷಗಟ್ಟಲೆ ಕೂತು ಓದಿದವರಿಗೆ ಸಿಗೋದು ಬೇರೆ.

ವಂಶಾವಳಿ ಚಿತ್ರವನ್ನೇ ನೋಡಿ. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮ ಚಿಹ್ನೆ. ನಿಮ್ಮ ಮನೆಯದನ್ನೇ ಬರೆದು ತನ್ನಿ ಅಂದರು ಮೇಷ್ಟ್ರು. ನಮ್ಮ ಚಿಕ್ಕಮ್ಮ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ಅಂದರೆ ಅವರು ಅಜ್ಜಿಗೆ ತಮ್ಮನೂ ಹೌದು, ಅಳಿಯನೂ ಹೌದು. ಮೇಲಿನ ಸಾಲಿನ ತ್ರಿಕೋನವನ್ನು ಕೆಳಗಿನ ಸಾಲಿನ ವೃತ್ತಕ್ಕೆ ಸೇರಿಸಲು ಹೋಗಿ ಹಾಳೆ ತುಂಬ ಗೆರೆ. ಪಕ್ಕದಲ್ಲಿ ಕೂತ ಅಜ್ಜಿ, ಯಾವ ಹೊಲ ಕೈತಪ್ಪಬಾರದು ಅಂತ ಆ ಸಂಬಂಧ ಬೆಳೆಸಿದರು ಅನ್ನೋದನ್ನು ಒಂದೊಂದಾಗಿ ಬಿಚ್ಚಿಟ್ಟಳು. ಅಲ್ಲಿವರೆಗೆ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಆಮೇಲೆ ಗೊತ್ತಾಯ್ತು, ಲೂಯಿಸ್ ಹೆನ್ರಿ ಮಾರ್ಗನ್ ಅನ್ನೋ ಅಮೆರಿಕದ ವಕೀಲ 1871ರಲ್ಲೇ ಲೋಕದ ಹಲವು ಭಾಷೆಗಳ ನೆಂಟಸ್ತಿಕೆ ಪದಗಳ ಪಟ್ಟಿ ಅಚ್ಚು ಹಾಕಿಸಿದ್ದ, ಅದರಲ್ಲಿ ಕನ್ನಡದ್ದೂ ಇದೆ ಅಂತ. ಚಿಕ್ಕಪ್ಪನ ಮಕ್ಕಳು ಒಡಹುಟ್ಟಿದವರ ಲೆಕ್ಕ ಅನ್ನೋದು ಅವನ ಕಡೆಯ ಇರೊಕ್ವಾ ಬುಡಕಟ್ಟುಗಳಲ್ಲೂ ಇತ್ತು, ನಮ್ಮಲ್ಲೂ ಇದೆ.

ಈ ಶಾಸ್ತ್ರಕ್ಕೆ ಕೆಟ್ಟ ಚರಿತ್ರೆಯೂ ಇದೆ. 1901ರ ಜನಗಣತಿಯ ಮುಖ್ಯಸ್ಥ, ಬ್ರಿಟಿಷ್ ಅಧಿಕಾರಿ ರಿಸ್ಲಿ ಮೂಗಿನ ಅಗಲದ ಮೇಲೆ ಜಾತಿಗಳ ಮೇಲುಕೀಳು ಹೇಳಲು ಹೊರಟವನು. ನಮ್ಮ ಕಾಲೇಜಿನಲ್ಲಿ ಕ್ಯಾಲಿಪರ್ ಕೈಗೆ ಕೊಟ್ಟು ತಲೆ, ಮೂಗು ಅಳೆಸಿ ರೆಕಾರ್ಡ್ ಬರೆಸಿದರು. ರಿಸ್ಲಿಯ ಕಥೆ ಮಾತ್ರ ಯಾರೂ ಹೇಳಲಿಲ್ಲ. ಅದಕ್ಕೆ ನನಗೆ ಈಗಲೂ ಸಿಟ್ಟಿದೆ.

ಕೆಲಸ? ಬರೀ ಡಿಗ್ರಿ ಸಾಲಲ್ಲ, ಎಂಎ ಅಥವಾ ಎಂಎಸ್ಸಿ ಬೇಕು. ಮೈಸೂರು, ಧಾರವಾಡ ಎರಡೂ ಕಡೆ ವಿಶ್ವವಿದ್ಯಾಲಯದಲ್ಲಿ ವಿಭಾಗ ಇದೆ. 1945ರಲ್ಲಿ ಶುರುವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆ ಅನ್ನೋ ಕೇಂದ್ರ ಸರ್ಕಾರದ ಸಂಸ್ಥೆಯ ದಕ್ಷಿಣದ ಕೇಂದ್ರ ಮೈಸೂರಿನಲ್ಲೇ ಇದೆ. ಆರೋಗ್ಯ ಸಂಶೋಧನೆ, ಬುಡಕಟ್ಟು ಕಲ್ಯಾಣದ ಯೋಜನೆಗಳಲ್ಲೂ ಕೆಲಸ ಸಿಗುತ್ತೆ. ಸಂಬಳ ಐಟಿಯಷ್ಟಿಲ್ಲ, ಸುಮ್ನೆ ಆಸೆ ಹುಟ್ಟಿಸಲ್ಲ.

ಸೇರುವ ಮುಂಚೆ ಒಂದು ವಿಷಯ ವಿಚಾರಿಸಿ: ವಿದ್ಯಾರ್ಥಿಗಳನ್ನು ಎಷ್ಟು ದಿನ ಊರುಗಳಲ್ಲಿ ಉಳಿಸುತ್ತಾರೆ? ಮೈಸೂರಿನ ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಅಧ್ಯಯನಕ್ಕಾಗಿ ಒಂದು ಹಳ್ಳಿಯಲ್ಲಿ (ತಮ್ಮ ಬರಹದಲ್ಲಿ ಅದನ್ನು ರಾಂಪುರ ಅಂತ ಕರೆದರು) ತಿಂಗಳುಗಟ್ಟಲೆ ಇದ್ದರು. ಅಷ್ಟು ಬೇಡ. ಆದರೆ ಬೆಳಿಗ್ಗೆ ಬಸ್ಸಲ್ಲಿ ಬುಡಕಟ್ಟಿನವರ ಹಾಡಿಗೆ (ಕಾಡಂಚಿನ ಅವರ ಊರಿಗೆ) ಕರ್ಕೊಂಡು ಹೋಗಿ, ಗ್ರೂಪ್ ಫೋಟೊ ತೆಗೆಸಿ, ಸಂಜೆ ವಾಪಸ್ ತಂದುಬಿಡುವ ಕಾಲೇಜಾದರೆ ಅಲ್ಲಿ ಅಡ್ಮಿಷನ್ ಮಾಡಿಸಬೇಡಿ.