ಕಾಲು ಭದ್ರ, ಬಾಯಿ ನಿವೃತ್ತ

ಡೇನಿಯಲ್ ಸಿಕಲ್ಸ್ ಅಂತ ಅಮೆರಿಕದ ಒಬ್ಬ ಜನರಲ್. 1863ರ ಜುಲೈ 2ರಂದು, ಅಲ್ಲಿನ ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ಕದನದಲ್ಲಿ ಫಿರಂಗಿ ಗುಂಡು ಬಡಿದು ಅವನ ಬಲಗಾಲು ಹೋಯಿತು. ಬೇರೆಯವರ ಕಾಲಾಗಿದ್ದರೆ ಅಲ್ಲೇ ಹೂಳುತ್ತಿದ್ದರು. ಈತ ಅದನ್ನು ಪುಟ್ಟ ಶವಪೆಟ್ಟಿಗೆಯಂಥ ಡಬ್ಬಿಯಲ್ಲಿಟ್ಟು, ಮೇಲೊಂದು ವಿಸಿಟಿಂಗ್ ಕಾರ್ಡ್ ಸಿಕ್ಕಿಸಿ, ವಾಷಿಂಗ್ಟನ್ನಿನ ಸೇನಾ ವೈದ್ಯಕೀಯ ಮ್ಯೂಸಿಯಂಗೆ ಕಳಿಸಿದ. ಮದುವೆಗೆ ಮುಯ್ಯಿ ಕಳಿಸಿದ ಹಾಗೆ. ಆಮೇಲೆ ಎಷ್ಟೋ ವರ್ಷ ಅದೇ ದಿನ ಹೋಗಿ ಕಾಲನ್ನು ನೋಡಿಕೊಂಡು ಬರುತ್ತಿದ್ದನಂತೆ. ಆಸಾಮಿ ಗಟ್ಟಿಯಾಗಿರುವಾಗಲೇ ಕಾಲಿಗೆ ವರ್ಷದ ತಿಥಿ!

ಆ ಕಾಲಿನ ಮೂಳೆ ಇವತ್ತಿಗೂ ಇದೆ. ಅಮೆರಿಕ ಸರ್ಕಾರ ಎತ್ತಿಟ್ಟಿದ್ದನ್ನು ಕಳೆಯುವುದಿಲ್ಲ. ಮಾತಾಡದ ವಸ್ತುವಾಗಿರಬೇಕು, ಅಷ್ಟೇ.

1862ರಲ್ಲಿ ಶುರುವಾದ ಆ ಮ್ಯೂಸಿಯಂನಿಂದಲೇ ಬೆಳೆದದ್ದು ಸಶಸ್ತ್ರ ಪಡೆಗಳ ಪೆಥಾಲಜಿ ಇನ್‌ಸ್ಟಿಟ್ಯೂಟ್, ಅಂದರೆ ಅಂಗದ ಚೂರು ನೋಡಿ ರೋಗ ಗುರುತಿಸುವ ಸಂಸ್ಥೆ. ಗಡ್ಡೆ ಯಾವ ಜಾತಿಯದು ಅಂತ ಡಾಕ್ಟರಿಗೆ ತಲೆ ಕೆಟ್ಟರೆ ಅದರ ಚೂರು ಅಂಟಿಸಿದ ಗಾಜಿನ ಸ್ಲೈಡು ಇಲ್ಲಿಗೆ ಬರುತ್ತಿತ್ತು. 1955ರಲ್ಲಿ ಇದರ ಹೊಸ ಕಟ್ಟಡವನ್ನು ಅಧ್ಯಕ್ಷ ಐಸೆನ್‌ಹೋವರ್ ಉದ್ಘಾಟಿಸಿದರು. ದಪ್ಪ ಕಾಂಕ್ರೀಟು ಗೋಡೆ. ಅಣುಬಾಂಬ್ ಬಿದ್ದರೂ ಅಲ್ಲಾಡಬಾರದು ಅಂತ ಲೆಕ್ಕ. ಕಟ್ಟುವಷ್ಟರಲ್ಲಿ ಹೈಡ್ರೋಜನ್ ಬಾಂಬ್ ಬಂದು ಆ ಲೆಕ್ಕವೇ ಹಳತಾಯಿತು ಅನ್ನಿ.

ಕೊನೆಗೆ ಯಾವ ಬಾಂಬೂ ಬೀಳಲಿಲ್ಲ. 2005ರಲ್ಲಿ ಬಿದ್ದಿದ್ದು ಒಂದು ವರದಿ. ಮುಚ್ಚಬೇಕಾದ ಸೇನಾ ನೆಲೆಗಳ ಪಟ್ಟಿಯಲ್ಲಿ ಇದರ ಹೆಸರೂ ಇತ್ತು. 2011ರ ಸೆಪ್ಟೆಂಬರ್‌ನಲ್ಲಿ ಬೀಗ ಬಿತ್ತು. ಗೋಡೆ ಅಷ್ಟು ದಪ್ಪ ಕಟ್ಟಿದ ಪುಣ್ಯಾತ್ಮರು ಬಾಗಿಲಿಂದ ಫೈಲು ಒಳಗೆ ಬರುತ್ತೆ ಅಂತ ಯೋಚಿಸಲೇ ಇಲ್ಲ.

ಒಳಗಿದ್ದ ಸಾಮಾನಿಗೆ ಮಾತ್ರ ರಾಜೋಪಚಾರ. ಲಕ್ಷಗಟ್ಟಲೆ ರೋಗಿಗಳ ಕೇಸು, ಅಂಗದ ಚೂರು ಹುದುಗಿಸಿಟ್ಟ ಕೋಟಿಗಟ್ಟಲೆ ಮೇಣದ ತುಂಡು, ಕೋಟಿಗಟ್ಟಲೆ ಗಾಜಿನ ಸ್ಲೈಡು. ಎಲ್ಲದಕ್ಕೂ ಹೊಸ ಯಜಮಾನ ಸಿಕ್ಕ. ಮ್ಯೂಸಿಯಂ ವಾಷಿಂಗ್ಟನ್ ಪಕ್ಕದ ಸಿಲ್ವರ್ ಸ್ಪ್ರಿಂಗ್‌ಗೆ ಹೋಯಿತು, ಸಿಕಲ್ಸ್‌ನ ಕಾಲೂ ಜೊತೆಗೆ ಹೊರಟಿತು. ಆ ಸ್ಲೈಡುಗಳನ್ನು ಮೂವತ್ತು ವರ್ಷ ಕಣ್ಣು ಕೀಲಿಸಿ ಓದಿದವರಿಗೆ? ಅವರಿಗೆ ನಂಬರ್ ಅಂಟಿಸಿರಲಿಲ್ಲವಲ್ಲ, ಮನೆಗೆ ಹೋದರು.

1918ರಲ್ಲಿ ಫ್ಲೂ ಬಂದು ಸತ್ತ 21 ವರ್ಷದ ಸೈನಿಕನೊಬ್ಬನ ಶ್ವಾಸಕೋಶದ ಚೂರು ಇಲ್ಲಿನ ಮೇಣದಲ್ಲಿತ್ತು. 1997ರಲ್ಲಿ ಇಲ್ಲಿನದೇ ವಿಜ್ಞಾನಿ ಜೆಫರಿ ಟಾಬೆನ್‌ಬರ್ಗರ್ ತಂಡ ಅದರಿಂದ ಆ ವೈರಸ್ಸಿನ ಜೀನ್ ಚೂರುಗಳನ್ನು ಹೊರತೆಗೆಯಿತು. ಎಂಬತ್ತು ವರ್ಷದ ಹತ್ತಿರ ಸುಮ್ನೆ ಕೂತಿದ್ದ ಮೇಣ ತಾನಾಗೇ ಕೈ ಎತ್ತಿ "ಸಾರ್, ನಾನಿಲ್ಲಿದ್ದೀನಿ" ಅನ್ನಲಿಲ್ಲ. ಇಂಥದ್ದು ಇಲ್ಲಿ ಸಿಗಬಹುದು ಅಂತ ಹೊಳೆಯುವ ತಲೆಯೊಂದು ಬೇಕಿತ್ತು. ತಲೆಯನ್ನು ಇಡಲು ಕಪಾಟಿಲ್ಲ, ಅದೇ ತೊಂದರೆ.

ಸ್ಲೈಡು ಎಷ್ಟೋ ವಿಷಯ ಹೇಳಲ್ಲ. ಅದರ ಮೇಲೆ ಯಾವ ಇಬ್ಬರು ಡಾಕ್ಟರು ಜಗಳ ಆಡಿದರು, ಕಾಯಿಲೆಯ ಹೆಸರು ಯಾಕೆ ಬದಲಾಯಿತು, ಮೊದಲು ಅನುಮಾನ ಬಂದಿದ್ದು ಯಾರಿಗೆ, ಇವೆಲ್ಲ ಬಾಯಿಮಾತಿನ ಸರಕು. ಸಂಸ್ಥೆಗೆ ಅದು ಗೊತ್ತಿರಲಿಲ್ಲ ಅಂತಲ್ಲ. 1990ರ ದಶಕದ ಶುರುವಿನಲ್ಲಿ ಹಳಬರನ್ನು ಕೂರಿಸಿ, ಮಾತಾಡಿಸಿ, ರೆಕಾರ್ಡ್ ಮಾಡಿಟ್ಟುಕೊಂಡಿತ್ತು. ಒಳ್ಳೆ ಕೆಲಸವೇ. ಆದರೆ ಮಾತು ಉಳಿಯಿತು, ಮಾತಾಡಿಸಿದ ಸಂಸ್ಥೆ ಹೋಯಿತು. ತಾತನ ಕಥೆ ಬರೆದಿಟ್ಟುಕೊಂಡು ಮನೆ ಮಾರಿದಂತೆ.

ನನ್ನದೊಂದು ಸಲಹೆ ಇದೆ. ಟೇಪು, ಮೈಕು, ಸಂದರ್ಶನ, ಇದೆಲ್ಲ ದಂಡದ ಖರ್ಚು. ಟೇಪು ಬೂಷ್ಟು ಹಿಡಿಯುತ್ತೆ, ಬಜೆಟ್ ಬಂದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಅದರ ಬದಲು ನಿವೃತ್ತಿಯ ದಿನ ಕೇಕ್ ಕತ್ತರಿಸಿದ ಚಾಕುವಿನಲ್ಲೇ ಡಾಕ್ಟರ ನಾಲಿಗೆಯನ್ನೂ ತೆಗೆದು ಫಾರ್ಮಲಿನ್ ಬಾಟಲಿಗೆ ಹಾಕಿಬಿಡಿ. ಕೂಡಲೇ ಅದಕ್ಕೊಂದು ನಂಬರ್ ಬೀಳುತ್ತೆ, ಕಪಾಟು ಸಿಗುತ್ತೆ, ಕಾವಲಿಗೆ ಆಳು ಬರ್ತಾನೆ. ಯಾವ ಸಮಿತಿಯೂ ಮುಟ್ಟಲ್ಲ. ರಿಜಿಸ್ಟರಿನಲ್ಲಿ ಬರೆಯುವುದೂ ಸಲೀಸು. ಮಾದರಿ: ನಾಲಿಗೆ, ಒಂದು. ಸ್ಥಿತಿ: ಉತ್ತಮ. ಸಿಕಲ್ಸ್‌ನ ಕಾಲಿನ ಪಕ್ಕದಲ್ಲಿ ಜಾಗ ಖಾಲಿ ಇದೆಯಾ, ನೋಡಿ.